ಮೋಟಾರಿನ ಉಡಿದಾರ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಅಂಗಳದಲ್ಲಿ ಒಂದು ದೋಣಿಯ ಮೋಟಾರು ಓಡಿತ್ತು. ದೋಣಿ ಹಿನ್ನೀರಿನ ದಡದಲ್ಲಿ, ಮೋಟಾರು ಮಾತ್ರ ಅಂಗಳದಲ್ಲಿ. ಹುಣಸೆಮರದ ಕೆಳಗೆ ತಗಡಿನ ಡ್ರಮ್ಮೊಂದನ್ನು ನಿಲ್ಲಿಸಿ, ಅದಕ್ಕೆ ಬಾಯಿಮಟ ನೀರು ತುಂಬಿ, ಅಂಚಿಗೆ ಮೋಟಾರನ್ನು ಬಿಗಿದು ಅಪ್ಪ ಹಗ್ಗ ಎಳೆದಿದ್ದ. ಅಂಥ ಸದ್ದನ್ನು ನಮ್ಮ ಕೋಳಿಗಳು ಅದುವರೆಗೆ ಕೇಳಿರಲಿಲ್ಲ. ಆ ಗಾಬರಿಗೆ ಅವು ಮೊಟ್ಟೆ ಇಡುವುದನ್ನೇ ಬಿಟ್ಟವು ಎಂದು ಅವ್ವ ಬಹಳ ದಿನ ದೂರುತ್ತಿದ್ದಳು.

ನಮ್ಮೂರು ಮಾಡದಕೆರೆ ಕಡೆಯದು. ಮಾರಿಕಣಿವೆಯ ಕಟ್ಟೆ ಇರುವುದು ಹಿರಿಯೂರಿನ ಹತ್ತಿರ, ಆದರೆ ಅದರ ಹಿನ್ನೀರು ಗುಡ್ಡಗಳ ಸಂದಿಯಲ್ಲಿ ನುಸುಳಿಕೊಂಡು ನಮ್ಮ ಸೀಮೆಯವರೆಗೂ ಬರುತ್ತಿತ್ತು. ಒಳ್ಳೆಯ ಮಳೆಯಾದ ವರ್ಷ ನೀರು ನಮ್ಮ ಹೊಲದ ಬದುವಿಗೇ ಬಂದು ಕೂರುತ್ತಿತ್ತು. ಆಚೆ ದಡದಲ್ಲಿ ನಮ್ಮದೊಂದು ತುಂಡು ಹೊಲ ಇದ್ದುದರಿಂದ ಹೋಗಿಬರಲು ಮರದ ದೋಣಿಯೊಂದಿತ್ತು. ಅಪ್ಪ ಹುಟ್ಟು ಹಾಕುತ್ತಿದ್ದ, ನಾನು ಮುಂದೆ ಕುಳಿತು ಕೈಯನ್ನು ನೀರಿಗೆ ಇಳಿಬಿಟ್ಟು ಬೈಸಿಕೊಳ್ಳುತ್ತಿದ್ದೆ.

ಆ ವರ್ಷ ಅಕ್ಕ ಏಳನೇ ತರಗತಿ ಪಾಸಾಗಿದ್ದಳು. ನಮ್ಮೂರ ಶಾಲೆ ಏಳಕ್ಕೇ ಮುಗಿಯುತ್ತಿತ್ತು. ಹೈಸ್ಕೂಲು ಇದ್ದದ್ದು ಆಚೆ ದಡದ ಊರಿನಲ್ಲಿ. ಅಂಗಳದಲ್ಲಿ ನಿಂತರೆ ಅದರ ಕೆಂಪು ಹೆಂಚು ಕಾಣುತ್ತಿತ್ತು, ಆದರೆ ರಸ್ತೆಯಲ್ಲಿ ಹೋಗುವುದಾದರೆ ಊರೂರು ಸುತ್ತಿ ಹೋಗಬೇಕು. ಆ ಸುತ್ತಿನ ಬಸ್ಸು ಅಲ್ಲಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆದಿರುತ್ತಿತ್ತು. ದೋಣಿಯಲ್ಲಿ ಹೋಗೋಣವೆಂದರೆ ಸ್ಕೂಲು ಶುರುವಾಗುವುದಕ್ಕೂ ನಮ್ಮ ಕಡೆ ಗಾಳಿ ಏಳುವುದಕ್ಕೂ ಸರಿಹೋಗುತ್ತದೆ. ಆಷಾಢದ ಗಾಳಿ ನಮ್ಮ ಬಯಲಲ್ಲಿ ಹೇಗೆ ಬೀಸುತ್ತದೆಂದು ನಿಮಗೆ ಗೊತ್ತಲ್ಲ ಮಕ್ಕಳೇ, ಅಂಗಳದಲ್ಲಿ ಒಣಹಾಕಿದ ಸೀರೆಯನ್ನು ಪಕ್ಕದ ಊರಿನಲ್ಲಿ ಹುಡುಕಬೇಕು. ಆ ಗಾಳಿಗೆ ಎದುರಾಗಿ ಹುಟ್ಟು ಹಾಕಲು ಹೋಗಿ ಅಪ್ಪ ಒಂದು ಬೆಳಿಗ್ಗೆ ನಡುನೀರಿನಿಂದಲೇ ವಾಪಸು ಬಂದ. ಅಂಗೈ ತುಂಬ ಬೊಬ್ಬೆ ಎದ್ದಿತ್ತು.

ಹಾಗಾದರೆ ಹುಡುಗಿ ಮನೆಯಲ್ಲೇ ಇರಲಿ ಎಂದು ಊರವರು ಹೇಳಿದರು. ಊರವರಿಗೇನು, ಹೇಳುವುದಕ್ಕೆ ಹುಟ್ಟು ಹಾಕಬೇಕಾಗಿಲ್ಲ. ಅಕ್ಕ ಯಾರ ಹತ್ತಿರವೂ ಜಗಳ ಆಡಲಿಲ್ಲ, ಅಳಲೂ ಇಲ್ಲ. ಸಂಜೆಯಾದರೆ ದಡಕ್ಕೆ ಹೋಗಿ ಆ ಕೆಂಪು ಹೆಂಚನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅಪ್ಪನೂ ಅದನ್ನು ನೋಡುತ್ತಿದ್ದ.

ಅಪ್ಪನಿಗೆ ಕರೆಂಟಿನ ಪಂಪ್‌ಸೆಟ್ಟು ರಿಪೇರಿ ಮಾಡುವುದು ಚೆನ್ನಾಗಿ ಗೊತ್ತಿತ್ತು. ಹಿರಿಯೂರಿನ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ತೋಟದ ಪಂಪು ಸರಿಮಾಡಿ, ಕೂಲಿಗೆಂದು ಅವನ ಕಾಯಿ ಮಂಡಿಗೆ ಹೋದಾಗ, ಅಲ್ಲಿನ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಈ ದೋಣಿಯ ಮೋಟಾರು ಬಿದ್ದಿರುವುದು ಅಪ್ಪನ ಕಣ್ಣಿಗೆ ಬಿತ್ತು. ಕರಾವಳಿಯಿಂದ ಯಾವುದೋ ಲಾರಿಯಲ್ಲಿ ಬಂದದ್ದಂತೆ. ಒಯ್ಯಿರಿ, ನನಗೆ ಜಾಗ ಖಾಲಿಯಾದರೆ ಸಾಕು ಎಂದು ವ್ಯಾಪಾರಿ ಹೇಳಿದನಂತೆ. ಅಪ್ಪ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬಸ್ಸಿನಲ್ಲಿ ಬಂದ. ಮೇಲೆ ದಪ್ಪನೆಯ ತಲೆ, ಕೆಳಗೆ ಉದ್ದನೆಯ ಒಂಟಿ ಕಾಲು, ಕಾಲಿನ ತುದಿಗೆ ಪುಟ್ಟ ಹಿತ್ತಾಳೆ ಫ್ಯಾನು. ಒಂಟಿ ಕಾಲಿನ ಕೊಕ್ಕರೆ ಬಂದಿದೆ ಎಂದು ನಾನು ಕೇರಿಯೆಲ್ಲ ಸಾರಿದೆ.

ಮನೆಯಲ್ಲಿ ಎಲ್ಲರಿಗೂ ಸಂತೋಷ, ಅವ್ವನೊಬ್ಬಳನ್ನು ಬಿಟ್ಟು. ಅವ್ವ ಕುರಿ ಸಾಕುವ ಮನೆಯ ಮಗಳು. ಅವಳ ತವರಿನಲ್ಲಿ ನೀರೆಂದರೆ ಬಾವಿಯ ತಳದಲ್ಲಿ ಕಾಣುವ ಒಂದು ತಟ್ಟೆಯಷ್ಟು ಬೆಳಕು. ಅವಳು ಮೋಟಾರಿನ ಸುತ್ತ ಬಂದು ನೋಡಿ, ಇದು ಹೊರಡುವುದು ಹೇಗೆ ಎಂದು ಕೇಳಲೇ ಇಲ್ಲ.

"ಕುರಿ ಎಬ್ಬಿಸದು ಯಾರಿಗಾದ್ರೂ ಬರ್ತೈತೆ, ನಿಲ್ಸಕ್ ಬರ್ಬೇಕು" ಎಂದಳು. "ನಿಮ್ಮ ಪಂಪ್‌ಸೆಟ್ಟು ಕುಂತಲ್ಲೇ ಕುಂತಿರ್ತೈತೆ. ಇದು ನನ್ ಮಗಳ್ನ ಹೊತ್ಕಂಡು ಹೋಗ್ತೈತೆ. ಇದು ಹೇಳಿದ್ ತಕ್ಷಣ ನಿಲ್ಲೋದ್ನ ನನ್ ಕಣ್ಣಾಗೆ ನೋಡ್ಬೇಕು. ಆಮೇಲೆ ಸ್ಕೂಲಿನ ಮಾತು."

ಸ್ಕೂಲು ತೆರೆಯುವುದು ಸೋಮವಾರ. ಭಾನುವಾರ ಬೆಳಿಗ್ಗೆ ಅಪ್ಪ ಮೋಟಾರನ್ನು ಪರೀಕ್ಷೆಗೆ ಇಟ್ಟ. ಅಕ್ಕ ಹೈಸ್ಕೂಲಿಗೆ ಹೋಗಬೇಕಾದರೆ ಈಗ ಅದು ಪಾಸಾಗಬೇಕಾಗಿತ್ತು.

ನೀರಿನ ಮೇಲೆ ಓಡುವುದನ್ನು ನೀರಿನಲ್ಲಿಟ್ಟೇ ನೋಡಬೇಕು ಎಂದು ಅಪ್ಪ ಡ್ರಮ್ಮನ್ನು ತಂದ. ಅದು ನಡುಗಿ ಉರುಳಬಾರದೆಂದು ಬುಡಕ್ಕೆ ಕಲ್ಲು ಕೊಟ್ಟು, ಹೊಟ್ಟೆಗೆ ಹಗ್ಗ ಸುತ್ತಿ ಹುಣಸೆಮರಕ್ಕೆ ಬಿಗಿದ. ಪೆಟ್ರೋಲಿಗೆ ಆಯಿಲ್ ಬೆರೆಸಿದ ಡಬ್ಬವನ್ನು ದನದ ಕೊಟ್ಟಿಗೆಯ ನೆರಳಿನಲ್ಲಿ ದೂರ ಇಟ್ಟ. ಅವ್ವ ಬಚ್ಚಲ ಒಲೆಯ ಕೆಂಡಕ್ಕೂ ನೀರು ಹೊಯ್ದು ಬಂದಳು. ಮೋಟಾರಿನ ತಲೆಯ ಮೇಲೆ ಗರಗರ ತಿರುಗುವ ಚಕ್ರ ಇತ್ತು, ಹಗ್ಗ ಸುತ್ತಿ ಎಳೆಯುವುದು ಅದಕ್ಕೇ. ಅದನ್ನು ನೋಡಿದ ಅವ್ವ ಅಕ್ಕನನ್ನು ಹಿಡಿದು ನಿಲ್ಲಿಸಿ ಅವಳ ಉದ್ದನೆಯ ಜಡೆಯನ್ನು ನೆತ್ತಿಗೆ ಸುತ್ತಿ, ಮೇಲೆ ಟವೆಲ್ಲು ಬಿಗಿದಳು. ಅಪ್ಪನಿಗೆ ಪಂಚೆ ಬಿಟ್ಟು ಚಡ್ಡಿ ಹಾಕಿಕೊಳ್ಳಲು ಹೇಳಿದಳು. ನನಗೆ ಒರಳುಕಲ್ಲೇ ಗಡಿ. ಅದನ್ನು ದಾಟಿದರೆ ಕಾಲು ಮುರಿಯುತ್ತೇನೆ ಎಂದಳು. ಅವ್ವ ನನ್ನ ಕಾಲು ಮುರಿಯುವ ಮಾತನ್ನು ದಿನಾ ಆಡುತ್ತಿದ್ದಳು, ಆದರೆ ಅಂದು ಅವಳ ಮುಖದಲ್ಲಿ ನಗು ಇರಲಿಲ್ಲ.

ಅಪ್ಪ ಹಗ್ಗ ಸುತ್ತಿ ಎಳೆದ. ಮೋಟಾರು ಕೆಮ್ಮಲೂ ಇಲ್ಲ. ಮತ್ತೆ ಎಳೆದ. ಎಳೆದೆಳೆದು ಬೆನ್ನೆಲ್ಲ ಬೆವರಾಯಿತು. ಪ್ಲಗ್ಗು ಬಿಚ್ಚಿ, ಒರೆಸಿ, ಹಾಕಿದ. ಪೆಟ್ರೋಲು ಬರುತ್ತಿದೆಯೇ ಎಂದು ಮೂಸಿ ನೋಡಿದ. ಅಕ್ಕ ಅವನ ಕೈಯನ್ನೇ ನೋಡುತ್ತಿದ್ದಳು. ಮಾತು ಬಾಯಲ್ಲಿ ನಿಲ್ಲದವಳು ನಾನೇ. ಅದ್ಯಾಕೆ, ಇದ್ಯಾಕೆ ಎಂದು ಕೇಳಿ ಕೇಳಿ, ಒರಳುಕಲ್ಲಿನ ಹಿಂದೆಯೇ ನಿಂತು ಅಪ್ಪನ ತಲೆ ತಿಂದೆ. ಕೊನೆಗೆ, ಆ ಕರಿ ತಂತಿ ಯಾಕೆ ಎಂದೆ.

ಆ ತಂತಿಯ ಕತೆ ಹೀಗೆ. ಮೋಟಾರು ಮನೆಗೆ ಬಂದಾಗ ಅದರ ಹೊಟ್ಟೆಯೊಳಗಿಂದ ಒಂದು ತಂತಿ ಹೊರಗೆ ಬಂದು ಸುಮ್ಮನೆ ಜೋತಾಡುತ್ತಿತ್ತು. ಪಂಪ್‌ಸೆಟ್ಟು ರಿಪೇರಿ ಮಾಡಿದ ಕೈ ಜೋತಾಡುವ ತಂತಿ ಕಂಡರೆ ಸುಮ್ಮನಿರುವುದಿಲ್ಲ. ಕಿತ್ತು ಬಂದದ್ದು ಇರಬೇಕೆಂದು ಅಪ್ಪ ಅದರ ತುದಿಯನ್ನು ಚೊಕ್ಕವಾಗಿ ಹೆರೆದು, ಮೋಟಾರಿನ ಮೈಗೆ ಸ್ಕ್ರೂ ಹಾಕಿ ಗಟ್ಟಿಯಾಗಿ ಕೂಡಿಸಿದ್ದ.

"ಅಪ್ಪಾ, ನಾವು ಹೊಸದಾಗಿ ಮಾಡಿದ್ದು ಅದೊಂದೇ" ಎಂದಳು ಅಕ್ಕ. "ಬಿಚ್ಚಿ ನೋಡಾಣ."

ತಂತಿ ಬಿಚ್ಚಿದರೆ ಯಂತ್ರ ಓಡುತ್ತದೆಯೇ ಎಂದು ಅಪ್ಪ ನಕ್ಕ. ನಕ್ಕರೂ ಬಿಚ್ಚಿದ. ಹಗ್ಗ ಸುತ್ತಿ ಎಳೆದ ಕೂಡಲೇ ಮೋಟಾರು ಭರ್ರೆಂದು ಎದ್ದಿತು. ನೀಲಿ ಹೊಗೆ ಹುಣಸೆಮರದೊಳಗೆ ನುಗ್ಗಿತು, ಡ್ರಮ್ಮಿನ ನೀರು ಕುದಿಯುವ ಹಾಗೆ ಕುಣಿಯಿತು, ಕೋಳಿಗಳು ಹಿತ್ತಿಲಿಗೆ ಓಡಿದವು. ಅಪ್ಪ ಸಂಭ್ರಮದಲ್ಲಿ ಆ ತಂತಿಯನ್ನು ಆಚೆ ಸರಿಸಲು ಬರಿಗೈಯಲ್ಲಿ ಹಿಡಿದ. ಭುಜದವರೆಗೂ ಜುಮ್ಮೆಂದು ಹೊಡೆದು ಕೈ ಕೊಡವಿದ. ತಂತಿ ಜಾರಿ ಮೋಟಾರಿನ ಮೈಗೆ ತಾಕಿತು. ಮೋಟಾರು ಥಟ್ಟನೆ ನಿಂತಿತು.

ಅಪ್ಪ ಬಗ್ಗಿ ಆ ತಂತಿಯ ತುದಿಯನ್ನು ನೋಡಿದ. ಮನೆಯ ದೀಪಕ್ಕೆ ತಂತಿ ಕೂಡಿದರೆ ಬೆಳಕು, ಪಂಪಿಗೆ ತಂತಿ ಕೂಡಿದರೆ ನೀರು. ಇದಕ್ಕೆ ಕೂಡಿದರೆ ನಿದ್ದೆ! ಮೋಟಾರಿನೊಳಗೆ ಅಯಸ್ಕಾಂತದ ಚಕ್ರ ತಿರುಗಿ ತಾನೇ ಕಿಡಿ ಹುಟ್ಟಿಸಿಕೊಳ್ಳುತ್ತದೆ, ತಂತಿ ಮೈಗೆ ತಾಕಿದರೆ ಆ ಶಕ್ತಿ ಪ್ಲಗ್ಗಿಗೆ ಹೋಗದೆ ಸುಲಭದ ದಾರಿಯಲ್ಲಿ ಹರಿದುಹೋಗುತ್ತದೆ ಎಂದು ಆಮೇಲೆ ಅಕ್ಕ ನನಗೆ ನೆಲದ ಮೇಲೆ ಗೆರೆ ಎಳೆದು ಹೇಳಿಕೊಟ್ಟಳು. ಅಷ್ಟು ಹೊತ್ತು ನಾವು ಮೋಟಾರಿನ ಬಾಯಿ ಮುಚ್ಚಿ ಮಾತಾಡು ಮಾತಾಡು ಎಂದು ಪೀಡಿಸಿದ್ದೆವು. ಅಪ್ಪ ತಂತಿಯ ಮೈಗೆ ರಬ್ಬರು ಸುತ್ತಿದ. ಅದರ ತುದಿಯನ್ನು ಮರದ ಹಿಡಿಯ ಸ್ಕ್ರೂಡ್ರೈವರಿನಿಂದ ಒತ್ತಿ ಮೋಟಾರು ನಿಲ್ಲಿಸುವ ಕೆಲಸವನ್ನು ಅಕ್ಕನಿಗೆ ಕೊಟ್ಟ.

ಎರಡನೇ ಸಲ ಮೋಟಾರು ಓಡತೊಡಗಿದಾಗ ಅದರ ಪಕ್ಕದ ಸಣ್ಣ ತೂತಿನಿಂದ ಒಂದು ಎಳೆ ನೀರು ಚಿಮ್ಮಿತು. ಸುರ್ರೆಂದು ಕಮಾನಾಗಿ ಬಂದು ಡ್ರಮ್ಮಿನ ಅಂಚು ದಾಟಿ ನೆಲಕ್ಕೆ ಬಿತ್ತು. ಅದನ್ನು ನೋಡಿದ ಮಕ್ಕಳು ಏನು ಹೇಳುತ್ತಾರೋ ನಾನೂ ಅದನ್ನೇ ಕೂಗಿ ಹೇಳಿದೆ. ಮೋಟಾರು ಉಚ್ಚೆ ಹೊಯ್ಯುತ್ತಿದೆ ಎಂದು ನಾನು ಕುಣಿದರೆ ಅವ್ವ ಬಾಯಿಗೆ ಸೆರಗು ಹಿಡಿದಳು. ಅಪ್ಪನಿಗೆ ಮಾತ್ರ ನಗು ಬರಲಿಲ್ಲ. ಪಂಪಿನಲ್ಲಿ ನೀರು ಬರಬೇಕಾದ ಕಡೆ ಬಿಟ್ಟು ಬೇರೆ ಕಡೆ ಬಂದರೆ ಅದು ಲೀಕು. ಲೀಕಾಗುವ ಯಂತ್ರ ಅಪ್ಪನಿಗೆ ಮಾನ ಹೋಗುವ ವಿಷಯ. ಆಮೇಲೆ ದಾರ ಸುತ್ತಿ ಬಂದೋಬಸ್ತು ಮಾಡುತ್ತೇನೆ ಎಂದು ಕೈಸನ್ನೆಯಲ್ಲೇ ಹೇಳಿದ.

ಆ ನೀರು ಮಣ್ಣಿನಲ್ಲಿ ದಾರಿ ಮಾಡಿಕೊಂಡು ಒರಳುಕಲ್ಲಿನ ಹತ್ತಿರ ಬಂತು. ಗಡಿ ದಾಟಬಾರದೆಂಬ ಮಾತು ನನಗಿತ್ತೇ ಹೊರತು ನೀರಿಗಿರಲಿಲ್ಲ. ಅದು ನನ್ನ ಬರಿಗಾಲಿಗೆ ತಾಕಿತು. ಬೆಚ್ಚಗಿತ್ತು! ಡ್ರಮ್ಮಿಗೆ ಬಿಂದಿಗೆಯಲ್ಲಿ ನೀರು ಹೊತ್ತವರಲ್ಲಿ ನಾನೂ ಒಬ್ಬಳು, ಆ ನೀರು ತಣ್ಣಗಿತ್ತು. ತಣ್ಣೀರು ಒಳಗೆ ಹೋಗಿ ಬಿಸಿನೀರಾಗಿ ಯಾಕೆ ಬರುತ್ತದೆ ಎಂದು ಕೂಗಿ ಕೇಳಿದೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ನಾನು ಕಾಲಿನ ಬೆರಳುಗಳನ್ನು ಆ ನೀರಿನಲ್ಲಿ ಆಡಿಸುತ್ತ, ನನ್ನ ಪ್ರಶ್ನೆಯನ್ನು ನನ್ನೊಳಗೇ ಇಟ್ಟುಕೊಂಡು ನಿಂತೆ.

ಸ್ವಲ್ಪ ಹೊತ್ತಿಗೆ ಆ ಎಳೆ ಸಣ್ಣಗಾಯಿತು, ತೊಟ್ಟಿಕ್ಕಿತು, ನಿಂತೇಹೋಯಿತು. ಅಪ್ಪನ ಮುಖ ಅರಳಿತು. ಲೀಕು ತಾನಾಗಿಯೇ ನಿಂತಿತೆಂದು ಅವ್ವನ ಕಡೆ ತಿರುಗಿ ಮೀಸೆಯ ಮೇಲೆ ಕೈ ಹಾಕಿದ. ನನ್ನ ಕಾಲಿನ ಕೆಳಗಿನ ಕೆಸರು ತಣ್ಣಗಾಗುತ್ತ ಬಂತು. ಅಷ್ಟರಲ್ಲಿ ಒಂದು ವಾಸನೆ. ಒಲೆಯ ಮೇಲೆ ಬರೀ ಪಾತ್ರೆ ಮರೆತಾಗ ಬರುತ್ತದಲ್ಲ, ಆ ವಾಸನೆ. ಮೋಟಾರಿನ ದನಿಯೂ ಗಂಟಲು ಒಣಗಿದವರ ಹಾಗೆ ಬದಲಾಯಿತು.

"ಅಕ್ಕಾ, ಬಿಸಿನೀರು ನಿಂತೋಯ್ತು" ಎಂದು ನಾನು ಇದ್ದ ಉಸಿರನ್ನೆಲ್ಲ ಸೇರಿಸಿ ಕಿರುಚಿದೆ.

ಅಕ್ಕ ಡ್ರಮ್ಮಿನೊಳಗೆ ನೋಡಿದಳು. ಫ್ಯಾನು ನೀರನ್ನು ಎತ್ತಿ ಎತ್ತಿ ಹೊರಗೆ ಎರಚಿ, ಡ್ರಮ್ಮು ಅರ್ಧ ಖಾಲಿಯಾಗಿತ್ತು. ಮೋಟಾರಿನ ಕಾಲಿನಲ್ಲಿ ನೀರು ಹೀರುವ ಜಾಗ ಮೇಲಕ್ಕೆ ಬಂದು ಒಣಗಿ ನಿಂತಿತ್ತು. ಅಪ್ಪನನ್ನು ಕೇಳಲು ಅವಳು ನಿಲ್ಲಲಿಲ್ಲ. ತಂತಿಯನ್ನು ಮೋಟಾರಿನ ಮೈಗೆ ಒತ್ತಿಬಿಟ್ಟಳು. ಸದ್ದು ನಿಂತಿತು.

ಅಪ್ಪನಿಗೆ ಸಿಟ್ಟು ಬಂತು. ಚೆನ್ನಾಗಿ ಓಡುತ್ತಿದ್ದುದನ್ನು ಯಾಕೆ ನಿಲ್ಲಿಸಿದೆ ಎಂದು ಗದರಿದ. ಅಕ್ಕ ಒದ್ದೆ ಬೆರಳನ್ನು ಮೋಟಾರಿನ ತಲೆಯ ಮೇಲೆ ಕೊಡವಿದಳು. ಹನಿ ಬಿದ್ದಲ್ಲಿ ಚುರ್ರ್ ಎಂದಿತು. ಅಪ್ಪನ ಸಿಟ್ಟು ಅಲ್ಲೇ ಇಳಿಯಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಮೋಟಾರು ಒಳಗೊಳಗೇ ಕಚ್ಚಿಕೊಂಡು ಸತ್ತೇ ಹೋಗುತ್ತಿತ್ತು. ಅದರ ಜೊತೆಗೆ ಅಕ್ಕನ ಹೈಸ್ಕೂಲೂ. ನಾನು ಉಪಕಾರ ಮಾಡಲು ಚೊಂಬಿನಲ್ಲಿ ನೀರು ತಂದರೆ ಅಪ್ಪ ನನ್ನ ಕೈ ಹಿಡಿದ. ಕಾದ ಕಬ್ಬಿಣಕ್ಕೆ ತಣ್ಣೀರು ಹೊಯ್ದರೆ ಸೀಳಿಬಿಡುತ್ತದೆ, ತಾನಾಗಿ ಆರಲಿ ಎಂದ. ನಾವೆಲ್ಲ ಜ್ವರ ಬಂದ ಮಗುವಿನ ಸುತ್ತ ಕೂತಂತೆ ಅದರ ಸುತ್ತ ಕೂತೆವು. ಒಳಗೆ ಹೋದ ತಣ್ಣೀರು ಬಿಸಿಯಾಗಿ ಯಾಕೆ ಬರುತ್ತಿತ್ತು ಎಂದು ನಾನು ಮತ್ತೆ ಕೇಳಿದೆ, ಈ ಸಲ ಎಲ್ಲರಿಗೂ ಕೇಳಿಸಿತು.

"ಅದು ಲೀಕಲ್ಲ, ಬೆವರು" ಎಂದ ಅಪ್ಪ, ನಿಧಾನವಾಗಿ. ಬೆವತರೆ ಮೈ ಬಿಸಿ ಇಳಿಯುತ್ತದೆ, ಬೆವರು ನಿಂತರೇ ಹೆದರಬೇಕು ಎಂದು ಅವ್ವ ಸೇರಿಸಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಆ ನೀರಿನ ಎಳೆಗೆ ಬೆವರೆಂದೇ ಹೆಸರು. ನಾನು ಇಟ್ಟ ಹೆಸರನ್ನು ಮಾತ್ರ ಯಾರೂ ಒಪ್ಪಲಿಲ್ಲ.

ಮೋಟಾರು ಆರಿದ ಮೇಲೆ, ಇನ್ನೇನು, ನಾಳೆ ಹೊರಡುವುದೇ ಎಂದು ಅಪ್ಪ ಅವ್ವನ ಮುಖ ನೋಡಿದ. ಅವ್ವ ಹೂಂ ಎನ್ನಲಿಲ್ಲ. ಅಕ್ಕ ತಂತಿ ಒತ್ತಿದ್ದನ್ನು ಅವಳು ಕಂಡಿದ್ದಳು, ಮೋಟಾರು ನಿಂತದ್ದನ್ನೂ ಕಂಡಿದ್ದಳು. ಆದರೂ ಅವಳ ಎದೆಯಲ್ಲಿ ಒಂದು ಮುಳ್ಳು ಉಳಿದಿತ್ತು. ದೋಣಿಯ ಹಿಂದುಗಡೆ ಮೋಟಾರಿನ ಹತ್ತಿರ ಕೂರುವವನು ಅಪ್ಪ, ಮುಂದುಗಡೆ ಕೂರುವವಳು ಅಕ್ಕ.

"ಗಾಳಿಗೆ ದೋಣಿ ಹೊಯ್ದಾಡಿ ನೀವೇ ನೀರಿಗೆ ಬಿದ್ರೆ?" ಎಂದು ಕೇಳಿದಳು. "ತಂತಿ ಒತ್ತೋರು ಯಾರು? ಅದು ನನ್ ಮಗಳ್ನ ಎಲ್ಲಿಗ್ ಹೊತ್ಕಂಡ್ ಹೋಗ್ತೈತೆ? ಇಲ್ಲಾ, ತಿರುಗಿ ನಿಮ್ಮ ಮೇಲೇ ಬಂದ್ರೆ?"

ಪಂಪ್‌ಸೆಟ್ಟಿನ ಜೀವಮಾನದಲ್ಲಿ ಅಂಥ ಪ್ರಶ್ನೆ ಹುಟ್ಟುವುದೇ ಇಲ್ಲ. ಅಕ್ಕ ತಲೆಯ ಟವೆಲ್ಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕುಳಿತಳು. ಇವತ್ತು ಅತ್ತೇಬಿಡುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ, ಎದ್ದು ಒಳಗೆ ಹೋಗಿ ಕೆಟ್ಟುಹೋದ ಟಾರ್ಚೊಂದನ್ನು ತಂದಳು.

ಟಾರ್ಚಿನೊಳಗೆ ಸ್ಪ್ರಿಂಗಿನ ಹಾಗೆ ಚಿಮ್ಮುವ ಹಿತ್ತಾಳೆಯ ಪಟ್ಟಿ ಇತ್ತು. ತಂತಿಯನ್ನು ಈ ಪಟ್ಟಿಗೆ ಕಟ್ಟಿ, ಪಟ್ಟಿ ಸದಾ ಮೋಟಾರಿನ ಮೈಯನ್ನು ಒತ್ತುವ ಹಾಗೆ ಕೂರಿಸೋಣ ಎಂದಳು. ಹಾಗಾದರೆ ಮೋಟಾರು ಹೊರಡುವುದೇ ಇಲ್ಲವಲ್ಲ ಎಂದ ಅಪ್ಪ. ಹೊರಡುವುದಿಲ್ಲ, ನಡುವೆ ಏನಾದರೂ ಅಡ್ಡ ಇಟ್ಟರೆ ಹೊರಡುತ್ತದೆ ಎಂದಳು ಅಕ್ಕ. ಅಡ್ಡ ಇಟ್ಟದ್ದು ಕಿತ್ತು ಬಂದರೆ ತಾನಾಗಿ ನಿಲ್ಲುತ್ತದೆ. ಅಪ್ಪ ಲಗುಬಗೆಯಿಂದ ಮರದ ತುಂಡೊಂದನ್ನು ಕೆತ್ತಿ ಪಟ್ಟಿಯನ್ನು ಅದರ ಮೇಲೆ ಕೂರಿಸಿದ. ಅಡ್ಡಕ್ಕೆ ಏನೆಂದು ಹುಡುಕಿದಾಗ ಅಡುಗೆಮನೆಯಲ್ಲಿ ತೆಂಗಿನ ಚಿಪ್ಪು ಸಿಕ್ಕಿತು. ಕರೆಂಟು ಅದರಲ್ಲಿ ಹರಿಯುವುದಿಲ್ಲ. ಅದರ ಒಂದು ಚೂರನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡಿ, ತೂತು ಕೊರೆದು ಅಕ್ಕ ದಾರ ಹುಡುಕಿದಳು.

ದಾರ ತಂದವಳು ಅವ್ವ. ಹಬ್ಬಕ್ಕೆ ಬದಲಿಸಲೆಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ ಹೊಸ ಕರಿ ಉಡಿದಾರ ಅದು. ಅದರ ಒಂದು ತುದಿಯನ್ನು ಚಿಪ್ಪಿನ ಚೂರಿಗೆ ಪೋಣಿಸಿ ತಾನೇ ಗಂಟು ಹಾಕಿದಳು. ಇನ್ನೊಂದು ತುದಿಯನ್ನು ಅಪ್ಪನ ಸೊಂಟದಲ್ಲಿದ್ದ ಹಳೆಯ ಉಡಿದಾರಕ್ಕೆ ಕಟ್ಟಿದಳು. ಅಪ್ಪ ನೀರಿಗೆ ಬಿದ್ದರೆ ಚಿಪ್ಪಿನ ಚೂರೂ ಅವನ ಜೊತೆಗೇ ಕಿತ್ತು ಬರಬೇಕು. ಅಪ್ಪ ನಾಚಿಕೊಂಡು ಬೇಲಿಯ ಕಡೆ ನೋಡಿದ. ಆಮೇಲೆ ಅವ್ವನಿಗೆ ಏನನಿಸಿತೋ, ಅಪ್ಪನ ಸೊಂಟದಿಂದ ದಾರವನ್ನು ಬಿಚ್ಚಿ ತನ್ನ ಕೈಗೆ ಸುತ್ತಿಕೊಂಡಳು. ಡ್ರಮ್ಮು ಮತ್ತೆ ತುಂಬಲಿ, ಮೊದಲು ನಾನು ನೋಡುತ್ತೇನೆ ಎಂದಳು.

ಅಪ್ಪ ಹಗ್ಗ ಎಳೆದ. ಮೋಟಾರು ಎದ್ದಿತು, ಬೆವರು ಸುರಿಯತೊಡಗಿತು. ಅವ್ವ ಕಣ್ಣು ಮಿಟುಕಿಸದೆ ಸ್ವಲ್ಪ ಹೊತ್ತು ನಿಂತು, ಕುರಿಯ ಕೊರಳ ಹಗ್ಗ ಜಗ್ಗುವ ಹಾಗೆ ದಾರವನ್ನು ಜಗ್ಗಿದಳು. ಚಿಪ್ಪಿನ ಚೂರು ಹಾರಿ ಬಂತು, ಪಟ್ಟಿ ಟಪ್ಪೆಂದು ಮುಚ್ಚಿತು, ಮೋಟಾರು ನಿಂತಿತು. ಹಿತ್ತಿಲಲ್ಲಿ ಒಂದು ಕೋಳಿ ಕೊಕ್ಕೊಕ್ಕೋ ಎನ್ನುವುದು ಕೇಳಿಸಿತು. ಅವ್ವ ಇನ್ನೊಂದು ಸಲ ಎಂದಳು. ಮತ್ತೆ ಓಡಿಸಿದರು, ಮತ್ತೆ ಜಗ್ಗಿದಳು. ಆಮೇಲೆ ಮತ್ತೊಂದು ಸಲ. ಕಡೆಕಡೆಗೆ ಅವಳಿಗೆ ಅದೊಂದು ಆಟವೇ ಆಗಿಹೋಯಿತು ಎಂದು ನನಗೆ ಈಗಲೂ ಗುಮಾನಿ. ಪೆಟ್ರೋಲು ಮುಗಿಯುತ್ತದೆ ಎಂದು ಅಪ್ಪ ಬೇಡಿಕೊಂಡ ಮೇಲೆಯೇ ಅವಳು ದಾರವನ್ನು ಕೈಯಿಂದ ಬಿಚ್ಚಿದ್ದು.

"ಬಾರೇ, ಜಡೆ ಹಾಕ್ತೀನಿ" ಎಂದು ಅಕ್ಕನನ್ನು ಕರೆದಳು. "ನಾಳೆ ಬೆಳಿಗ್ಗೆ ಹೊತ್ತಾಗ್ತೈತೆ." ಆಗ ಅಕ್ಕ ಅತ್ತಳು.

ಸೋಮವಾರ ಅವ್ವ ಆ ದಾರವನ್ನು ಅಪ್ಪನ ಉಡಿದಾರಕ್ಕೆ ಮತ್ತೆ ಕಟ್ಟಿ ಕಳಿಸಿದಳು, ನಾನೂ ಅವಳೂ ದಡದಲ್ಲಿ ನಿಂತು ನೋಡಿದೆವು. ಗಾಳಿ ಜೋರಾಗಿಯೇ ಇತ್ತು. ದೋಣಿ ಅಲೆಯ ಮೇಲೆ ಏರಿ ಇಳಿದು ಚಿಕ್ಕದಾಗುತ್ತ ಹೋಯಿತು. ಕಣ್ಣಿಗೆ ಕಾಣದಾದ ಮೇಲೂ ಸದ್ದು ಕೇಳುತ್ತಿತ್ತು. ಎಷ್ಟೋ ಹೊತ್ತಿಗೆ ಆಚೆ ದಡದಲ್ಲಿ ಅದು ನಿಂತಿತು. ಅವ್ವ ಉಸಿರು ಬಿಟ್ಟು ಮನೆಯ ಕಡೆ ತಿರುಗಿದಳು. ಅಕ್ಕ ಹೈಸ್ಕೂಲು ಮುಗಿಸುವವರೆಗೂ ಅದೇ ರೂಢಿಯಾಯಿತು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿರುವಾಗ ಅವ್ವನ ಕೈ ನಡುವೆ ನಿಂತುಬಿಡುತ್ತಿತ್ತು. ಆಚೆ ದಡದಲ್ಲಿ ಸದ್ದು ನಿಂತ ಮೇಲೆಯೇ ಮುಂದಿನ ರೊಟ್ಟಿ.

ನೀವು ಈಗ ಸ್ಕೂಲು ಬಸ್ಸು ಇಳಿದ ಕೂಡಲೇ ನಿಮ್ಮ ಅಮ್ಮನ ಮೊಬೈಲು ಟಿಣ್ ಎನ್ನುತ್ತದೆ. ಆಷಾಢದ ಗಾಳಿಗೆ ಈಗ ಗುಡ್ಡದ ಮೇಲೆ ದೊಡ್ಡ ದೊಡ್ಡ ಫ್ಯಾನುಗಳು ತಿರುಗಿ ಕರೆಂಟು ಕೊಡುತ್ತವೆ. ನಿಮ್ಮ ಆಟದ ದೋಣಿಗೆ ಬೆರಳಷ್ಟು ಮೋಟಾರು, ಎರಡು ತಂತಿ, ಒಂದು ಸೆಲ್ಲು. ಸ್ನಾನದ ಟಬ್ಬಿನಲ್ಲಿ ಬಿಟ್ಟರೆ ಸದ್ದೇ ಇಲ್ಲದೆ ಓಡುತ್ತದೆ. ಅದನ್ನು ನೋಡು ಬಾ ಎಂದು ನೀವು ಕರೆದಾಗಲೆಲ್ಲ ನಾನು, ನಿಲ್ಲಿಸುವುದು ಹೇಗೆ ತೋರಿಸಿ ಎನ್ನುತ್ತೇನೆ. ಅಜ್ಜಿಗೆ ಓಡುವುದು ನೋಡಲು ಆಸೆಯೇ ಇಲ್ಲ ಎಂದು ನೀವು ಮುಖ ಊದಿಸಿಕೊಳ್ಳುತ್ತೀರಿ. ಆಸೆ ಇದೆ ಮಕ್ಕಳೇ, ನಿಮಗಿಂತ ಹೆಚ್ಚಾಗಿಯೇ ಇದೆ.

ಹೋದ ಬೇಸಿಗೆ ರಜೆಯಲ್ಲಿ ನಾವೆಲ್ಲ ಬೋಟಿಂಗಿಗೆ ಹೋದದ್ದು ನೆನಪಿದೆಯಲ್ಲ, ನಿಮ್ಮ ದೊಡ್ಡಜ್ಜಿಯೂ ಬಂದಿದ್ದಳು. ಆ ದೊಡ್ಡಜ್ಜಿಯೇ ನನ್ನ ಅಕ್ಕ. ನಿಮಗೆಲ್ಲ ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದ್ದರು. ದೋಣಿಯ ಹುಡುಗ ಮೋಟಾರಿಗೆ ಕೈ ಹಾಕಿದ. ಅದರ ಪಕ್ಕದಲ್ಲಿ ಸುರುಳಿ ಸುರುಳಿಯಾದ ಒಂದು ಕೆಂಪು ದಾರ ಸುಮ್ಮನೆ ನೇತಾಡುತ್ತಿತ್ತು, ಅದನ್ನು ಅವನು ಕಟ್ಟಿಕೊಂಡಿರಲಿಲ್ಲ. ನಾನೂ ಅಕ್ಕನೂ ಅದನ್ನು ಒಟ್ಟಿಗೇ ನೋಡಿದೆವು. ನನಗೆ ಅವ್ವನ ನೆನಪಾಯಿತು. ಅಕ್ಕ ಕೋಲು ಊರಿಕೊಂಡು ಮುಂದಕ್ಕೆ ಬಾಗಿದಳು. ಆ ಹುಡುಗ ಕಕ್ಕಾಬಿಕ್ಕಿಯಾಗಿ ತನ್ನ ಸೊಂಟ ಮುಟ್ಟಿ ನೋಡಿಕೊಂಡಾಗ ನೀವೆಲ್ಲ ಬಿದ್ದು ಬಿದ್ದು ನಕ್ಕಿರಿ. ಅವಳು ಅವನಿಗೆ ಹೇಳಿದ್ದು ಇಷ್ಟೇ:

"ಏನಪ್ಪ, ಉಡಿದಾರ ಕಟ್ಕ. ಆಮೇಲೆ ಹೋಗಾಣ."